ಜೀವನಾಂಶಕ್ಕೆ ಯಾವ ಅರ್ಜಿ: ಸೆಕ್ಷನ್ 144 ಅಥವಾ ಡಿ.ವಿ. (ಕೌಟುಂಬಿಕ ದೌರ್ಜನ್ಯ) ಕಾಯ್ದೆ?

ತಿಂಗಳ ಖರ್ಚಿಗೆ ಹಣ ಬಂದರೆ ಸಾಕು ಎನ್ನುವವರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಸೆಕ್ಷನ್ 144 (ಹಳೆಯ ಸಿಆರ್‌ಪಿಸಿ 125) ನೇರ ದಾರಿ. ಹೆಂಡತಿಯಷ್ಟೇ ಅಲ್ಲ, ಮಕ್ಕಳು, ತಂದೆತಾಯಿಯೂ ಕೇಳಬಹುದು. ನೋಟಿಸ್ ಜಾರಿಯಾಗಿ 60 ದಿನದೊಳಗೆ ಮಧ್ಯಂತರ ಅರ್ಜಿ (ಪ್ರಕರಣ ಮುಗಿಯುವವರೆಗಿನ ಜೀವನಾಂಶಕ್ಕೆ) ಸಾಧ್ಯವಾದಷ್ಟು ಇತ್ಯರ್ಥವಾಗಬೇಕು. ಆ ‘ಸಾಧ್ಯವಾದಷ್ಟು’ ಎಂಬುದರಲ್ಲೇ ಇರುವುದು ತಡ.

ಹೊಡೆತ ಬಡಿತ, ಮನೆಯಿಂದ ಹೊರಹಾಕುವ ಭಯ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೇ ಮೇಲು. ಸೆಕ್ಷನ್ 12ರ ಒಂದೇ ಅರ್ಜಿಯಲ್ಲಿ ರಕ್ಷಣೆ, ವಾಸದ ಹಕ್ಕು, ಜೀವನಾಂಶ, ಪರಿಹಾರ ಎಲ್ಲ ಕೇಳಬಹುದು. ಮದುವೆಯಾಗದೆ ಸಂಸಾರದಂತೆ ಬಾಳಿದವಳಿಗೂ ಇದು ಸಿಗುತ್ತದೆ. ಆದರೆ ನೊಂದವರು ಹೆಂಗಸೇ ಆಗಿರಬೇಕು.

ಎರಡನ್ನೂ ಹಾಕಬಹುದು. ಮೊದಲ ಆದೇಶವನ್ನು ಮಾತ್ರ ಮುಚ್ಚಿಡಬೇಡಿ, ಆ ಮೊತ್ತವನ್ನು ಎರಡನೆಯದರಲ್ಲಿ ಹೊಂದಿಸಿಕೊಳ್ಳುತ್ತಾರೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು. ಎಡವುವುದು ಇಲ್ಲೇ: ಸಂಬಳವಿದ್ದೂ ‘ಆದಾಯವಿಲ್ಲ’ ಎಂದು ಬರೆದವರ ಬ್ಯಾಂಕ್ ಸ್ಟೇಟ್‌ಮೆಂಟನ್ನು ಎದುರು ವಕೀಲರು ಪಾಟೀಸವಾಲಿನಲ್ಲಿ ತೆಗೆಯುತ್ತಾರೆ.