ನ್ಯೂಯಾರ್ಕ್‌ನ ‘ಬಿಡ್’ ಸೇವೆ: ಗುಡಿಸುವುದು ಅಚ್ಚುಕಟ್ಟು, ಬಿಲ್ಲು ಕಟ್ಟುವವರು ಬೇರೆ

ಮ್ಯಾನ್‌ಹಟನ್‌ನ ವ್ಯಾಪಾರದ ಬೀದಿಗಳಲ್ಲಿ ಕಟ್ಟಡ ಇರುವವರಿಗೆ ಬರುವ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಬಹಳಷ್ಟು ಕಡೆ ಒಂದು ಸಾಲು ಜಾಸ್ತಿ ಇರುತ್ತದೆ. ಆ ಸಾಲಿನ ದುಡ್ಡು ನಗರದ ಖರ್ಚಿಗಲ್ಲ. ಅದೇ ಬೀದಿಯನ್ನು ಗುಡಿಸಲು, ಕಾಯಲು, ಹೂಕುಂಡ ಇಡಲು, ಹಬ್ಬಕ್ಕೆ ದೀಪ ಹಾಕಲು ಅಲ್ಲಿನ ಆಸ್ತಿಗಳ ಮೇಲೆ ಹಾಕಿದ ವಿಶೇಷ ಕರ ಅದು. ನಗರದ ಹಣಕಾಸು ಇಲಾಖೆ ವರ್ಷಕ್ಕೆ ಎರಡು ಸಲ ವಸೂಲು ಮಾಡಿ, ಆ ಪ್ರದೇಶಕ್ಕೆಂದೇ ರಚಿಸಿದ ಲಾಭರಹಿತ ಸಂಸ್ಥೆಗೆ ದಾಟಿಸುತ್ತದೆ. ಈ ಏರ್ಪಾಡಿನ ಪೂರ್ತಿ ಹೆಸರು ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್, ಬಾಯಲ್ಲಿ ಬರುವುದು ‘ಬಿಡ್’. ಮೊದಲು ಶುರುವಾಗಿದ್ದು ಕೆನಡಾದಲ್ಲಿ, 1970ರಲ್ಲಿ ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಅಂಗಡಿ ಬೀದಿಯಲ್ಲಿ. ನ್ಯೂಯಾರ್ಕ್‌ನ ಮೊದಲ ಬಿಡ್ 1984ರ ಯೂನಿಯನ್ ಸ್ಕ್ವೇರ್. ಈಗ ಆ ಊರೊಂದರಲ್ಲೇ 70ಕ್ಕೂ ಹೆಚ್ಚು ಇವೆ.

ಕಡ್ಡಾಯವಾಗಿ ಕೊಳ್ಳಬೇಕಾದ ಸೇವೆಗೂ ವಿಮರ್ಶೆ ಬೇಕೇ ಎಂದರೆ, ಬೇಕು. ಬೇಡವೆನ್ನಲು ಆಗದ ಸೇವೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದಿರುವುದು ಇನ್ನೂ ಮುಖ್ಯ.

ಮೊದಲು ಗುಡಿಸುವ ಕೆಲಸ. ಇದಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದು. ಸಮವಸ್ತ್ರ ತೊಟ್ಟ ಕೆಲಸಗಾರರು ಗಾಲಿಯ ಡಬ್ಬಿ, ಉದ್ದ ಹಿಡಿಯ ಮೊರ, ಪೊರಕೆ ಹಿಡಿದು ಫುಟ್‌ಪಾತನ್ನೂ ಅದರ ಅಂಚಿನ ಚರಂಡಿ ಸಾಲನ್ನೂ ಹಗಲೆಲ್ಲ ಸುತ್ತುತ್ತಾರೆ. ಬೀದಿಯ ಕಸದ ಬುಟ್ಟಿ ಉಕ್ಕುವ ಮುಂಚೆಯೇ ಒಳಚೀಲ ಕಟ್ಟಿ ಹೊಸದು ಹಾಕುತ್ತಾರೆ. ಚೀಲಗಳನ್ನು ಒಯ್ಯುವುದು ನಗರದ ನೈರ್ಮಲ್ಯ ಇಲಾಖೆಯ ಲಾರಿ. ಲಾರಿ ತಡವಾದರೆ ಬಿಡ್‌ನವರು ಅಚ್ಚುಕಟ್ಟಾಗಿ ಕಟ್ಟಿಟ್ಟ ಚೀಲಗಳೇ ಮೂಲೆಯಲ್ಲಿ ಗುಡ್ಡೆಯಾಗಿ ಇಲಿಗಳನ್ನು ಕರೆಯುತ್ತವೆ. ತಪ್ಪು ಇಲಾಖೆಯದ್ದಾದರೂ ಬೈಗುಳ ಸಮವಸ್ತ್ರದವರಿಗೆ. ಗೋಡೆ ಗೀಚು ಅಳಿಸುವುದು, ನೆಲಕ್ಕೆ ಅಂಟಿದ ಚ್ಯೂಯಿಂಗ್ ಗಮ್ಮನ್ನು ಬಿಸಿನೀರಿನ ಒತ್ತಡದಲ್ಲಿ ಎಬ್ಬಿಸುವುದೂ ಇದೇ ಲೆಕ್ಕದಲ್ಲಿ ಬರುತ್ತದೆ.

ಹೊಸ ಅಂಗಡಿಯವರು ಎಡವುವುದು ಇಲ್ಲೇ. ಬಿಡ್ ಗುಡಿಸುತ್ತದೆ ಅಂದ ಮಾತ್ರಕ್ಕೆ ನಿಮ್ಮ ಹೊಣೆ ತಪ್ಪಲಿಲ್ಲ. ಕಟ್ಟಡದ ಮುಂದಿನ ಫುಟ್‌ಪಾತನ್ನೂ ಅಂಚಿನಿಂದ ರಸ್ತೆಯೊಳಕ್ಕೆ 18 ಇಂಚನ್ನೂ ಸ್ವಚ್ಛವಾಗಿಡುವುದು ಕಟ್ಟಡದವರ ಕೆಲಸವೆಂದೇ ನಗರದ ನಿಯಮ. ದಂಡದ ಚೀಟಿ ಬಂದರೆ ‘ಬಿಡ್‌ಗೆ ದುಡ್ಡು ಕಟ್ಟಿದ್ದೇನಲ್ಲ’ ಎಂಬ ಮಾತು ನಡೆಯುವುದಿಲ್ಲ. ಹಿಮ ಬಿದ್ದಾಗಲೂ ಹೀಗೆಯೇ. ಬಿಡ್‌ನವರು ಸಾಮಾನ್ಯವಾಗಿ ಕೈಹಾಕುವುದು ರಸ್ತೆ ದಾಟುವ ಮೂಲೆ, ಬಸ್ ನಿಲ್ದಾಣ, ಮಳೆನೀರಿನ ಜಾಲರಿಗಳಿಗೆ. ನಿಮ್ಮ ಬಾಗಿಲ ಮುಂದಿನ ಹಿಮ ನಿಮ್ಮದೇ. ಅಂಗಡಿಯೊಳಗಿನ ಕಸವನ್ನೂ ಅವರು ಮುಟ್ಟುವುದಿಲ್ಲ. ಅದಕ್ಕೆ ಖಾಸಗಿ ಗುತ್ತಿಗೆದಾರರನ್ನು ನೀವೇ ಹಿಡಿಯಬೇಕು, 2024ರ ಮಾರ್ಚ್‌ನಿಂದ ಮುಚ್ಚಳವಿರುವ ಡಬ್ಬಿಯಲ್ಲೇ ಇಡಬೇಕು. ಅಡುಗೆಮನೆಯ ಕಪ್ಪು ಚೀಲವನ್ನು ಬೀದಿ ಬುಟ್ಟಿಗೆ ತುರುಕಿದರೆ ಮೊದಲು ಗುರುತು ಹಿಡಿಯುವವರೇ ಬಿಡ್‌ನ ಪೊರಕೆಯವರು.

ಭದ್ರತೆಗೆ ಮೂರು ಅಂಕ. ಈ ಕಾವಲುಗಾರರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ರೇಡಿಯೊ ಒಂದೇ. ದಾರಿ ತೋರಿಸುತ್ತಾರೆ, ಜಗಳ ಕಂಡರೆ ಪೊಲೀಸರಿಗೆ ತಿಳಿಸುತ್ತಾರೆ. ಅಂಗಡಿಗಳ್ಳರನ್ನು ಹಿಡಿದುಕೊಡಲಿ ಎಂಬ ನಿರೀಕ್ಷೆಯಿಂದ ದುಡ್ಡು ಕೊಟ್ಟರೆ ನಿರಾಸೆ ಖಚಿತ.

ಇಡೀ ಏರ್ಪಾಡಿನ ಮಾದರಿ ತುಣುಕು ನೋಡಬೇಕೆಂದರೆ ಬ್ರಯಂಟ್ ಪಾರ್ಕ್‌ಗೆ ಹೋಗಬೇಕು. 40 ಮತ್ತು 42ನೇ ಬೀದಿಗಳ ನಡುವೆ, ಸಾರ್ವಜನಿಕ ಗ್ರಂಥಾಲಯದ ಬೆನ್ನಿಗಿರುವ ಈ ಉದ್ಯಾನ 1970ರ ದಶಕದಲ್ಲಿ ಮಾದಕವಸ್ತು ಮಾರುವವರ ಅಡ್ಡೆ. ವಿಲಿಯಂ ವೈಟ್ ಎಂಬ ನಗರ ವೀಕ್ಷಕರು ಕಾರಣ ಹುಡುಕಿದ್ದು ಜನರ ಗುಣದಲ್ಲಲ್ಲ, ಜಾಗದ ಕಟ್ಟಣೆಯಲ್ಲಿ: ರಸ್ತೆಗಿಂತ ಎತ್ತರದ ನೆಲ, ಸುತ್ತ ಬೇಲಿ, ಪೊದೆ, ಕಡಿಮೆ ಬಾಗಿಲು. ಹೊರಗಿನವರಿಗೆ ಒಳಗಿನದು ಕಾಣದು, ಒಳಗೆ ಹೋದವರಿಗೆ ಬೇಗ ಹೊರಬರಲು ದಾರಿಯಿಲ್ಲ. 1988ರಲ್ಲಿ ಮುಚ್ಚಿ, ಪೊದೆ ಕಡಿದು, ಬಾಗಿಲು ಹೆಚ್ಚಿಸಿ, 1992ರಲ್ಲಿ ತೆರೆದರು. ನೆಲಕ್ಕೆ ಬಿಗಿದ ಬೆಂಚುಗಳನ್ನೇ ನಂಬಿ ಕೂರದೆ ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದಾದ ಹಗುರ ಹಸಿರು ಕುರ್ಚಿಗಳನ್ನು ಹಾಕಿದರು. ಕುರ್ಚಿ ಕಳವಾಗುತ್ತದೆ ಎಂಬ ಭಯವೇ ಇಂಥ ಪ್ರಯೋಗಕ್ಕೆ ಎಲ್ಲ ಕಡೆ ಅಡ್ಡ ಬರುವುದು. ಇಲ್ಲಿ ಆ ಕುರ್ಚಿಗಳೇ ಉದ್ಯಾನದ ಗುರುತಾದವು.

ಅಲ್ಲಿನ ಶೌಚಾಲಯದ ಬಗ್ಗೆ ಎರಡು ಮಾತು ಹೇಳದೆ ಇರಲಾಗದು. ಕಲ್ಲಿನ ಪುಟ್ಟ ಕಟ್ಟಡ, ಒಳಗೆ ತಾಜಾ ಹೂ, ಶಾಸ್ತ್ರೀಯ ಸಂಗೀತ, ಸದಾ ಒಬ್ಬರು ಒರೆಸುತ್ತಲೇ ಇರುತ್ತಾರೆ. 2017ರಲ್ಲಿ ಸುಮಾರು 3 ಲಕ್ಷ ಡಾಲರ್ ಹಾಕಿ ನವೀಕರಿಸಿದರು. ಬಳಸಲು ಬಿಡಿಗಾಸು ಇಲ್ಲ. ಹೆಂಗಸರ ಕಡೆ ಸಾಲು ಉದ್ದ, ಅದೊಂದೇ ದೂರು. ಹಾಗಂತ ಇದನ್ನು ನೋಡಿ ‘ವಿಶೇಷ ಕರ ಹಾಕಿದರೆ ಎಲ್ಲ ಬೀದಿಯೂ ಹೀಗಾಗುತ್ತದೆ’ ಎಂದುಕೊಳ್ಳಬಾರದು. ಬ್ರಯಂಟ್ ಪಾರ್ಕ್‌ನ ಆದಾಯದಲ್ಲಿ ಆಸ್ತಿ ಮೇಲಿನ ಕರದ್ದು ಸಣ್ಣ ಪಾಲು. ಚಳಿಗಾಲದ ಮಳಿಗೆಗಳು, ಹೋಟೆಲಿನ ಬಾಡಿಗೆ, ಪ್ರಾಯೋಜಕರ ಹಣವೇ ಅದನ್ನು ಸಾಕುವುದು. ಸುತ್ತ ಗಗನಚುಂಬಿಗಳಿಲ್ಲದ ಬೀದಿಗೆ ಆ ಅನುಕೂಲ ಎಲ್ಲಿಂದ ಬರಬೇಕು? ಕೆಳ ಮ್ಯಾನ್‌ಹಟನ್‌ನ ಡೌನ್‌ಟೌನ್ ಅಲಯನ್ಸ್ ಎಂಬ ಬಿಡ್‌ನ ವಾರ್ಷಿಕ ಬಜೆಟ್ 2 ಕೋಟಿ ಡಾಲರ್ ದಾಟಿದ್ದರೆ, ಕ್ವೀನ್ಸ್, ಬ್ರಾಂಕ್ಸ್‌ನ ಸಣ್ಣ ಬಿಡ್‌ಗಳದ್ದು ಕೆಲವು ಲಕ್ಷ. ಅದರಲ್ಲಿ ವ್ಯವಸ್ಥಾಪಕರ ಸಂಬಳ, ಕಚೇರಿ ಬಾಡಿಗೆ, ವಿಮೆ, ಲೆಕ್ಕಪರಿಶೋಧನೆ ಕಳೆದರೆ ಉಳಿಯುವುದು ಎರಡು ಪೊರಕೆ ಮತ್ತು ಡಿಸೆಂಬರಿನ ದೀಪದ ಸರ.

ಇನ್ನು ಲೆಕ್ಕ. ಪ್ರತಿ ಬಿಡ್‌ಗೂ ತನ್ನದೇ ಸೂತ್ರ. ಕೆಲವರದ್ದು ಬೀದಿಗೆ ತಾಗಿದ ಮುಂಭಾಗದ ಅಡಿ ಲೆಕ್ಕ, ಕೆಲವರದ್ದು ತೆರಿಗೆ ಮೌಲ್ಯ (ತೆರಿಗೆ ಹಾಕಲು ನಗರ ಗೊತ್ತುಮಾಡಿದ ಆಸ್ತಿಯ ಬೆಲೆ), ಕೆಲವರದ್ದು ಚದರಡಿ, ಇಲ್ಲವೇ ಇವುಗಳ ಮಿಶ್ರಣ. ಒಂದು ಕಾಲ್ಪನಿಕ ಬೀದಿ ತೆಗೆದುಕೊಳ್ಳಿ. ವರ್ಷದ ಕರ 10 ಲಕ್ಷ ಡಾಲರ್, ಅರ್ಧ ಮುಂಭಾಗದಿಂದ, ಅರ್ಧ ಮೌಲ್ಯದಿಂದ. ಒಟ್ಟು ಮುಂಭಾಗ 20,000 ಅಡಿ, ಒಟ್ಟು ತೆರಿಗೆ ಮೌಲ್ಯ 100 ಕೋಟಿ ಡಾಲರ್. ಅಡಿಗೆ 25 ಡಾಲರ್, ಮೌಲ್ಯದ ಪ್ರತಿ ಸಾವಿರಕ್ಕೆ 50 ಸೆಂಟ್ ಆಯಿತು. 25 ಅಡಿ ಅಗಲದ, 12 ಲಕ್ಷ ಮೌಲ್ಯದ ಕಟ್ಟಡಕ್ಕೆ 625 ಮತ್ತು 600 ಸೇರಿ ವರ್ಷಕ್ಕೆ 1,225 ಡಾಲರ್. ಅದೇ ಕಟ್ಟಡ ಮೂಲೆಯಲ್ಲಿದ್ದು ಅಡ್ಡರಸ್ತೆಗೂ 100 ಅಡಿ ತಾಗಿದ್ದರೆ, ಎರಡೂ ಬದಿ ಎಣಿಸುವ ಸೂತ್ರದಲ್ಲಿ 3,725. ಮೂಲೆ ಅಂಗಡಿ ಕೊಳ್ಳುವವರು ಇದನ್ನು ಮರೆತು ಆಮೇಲೆ ಕೈಕೈ ಹಿಸುಕಿಕೊಳ್ಳುತ್ತಾರೆ. ವಾಸದ ಮನೆಗಳಿಗೆ ಬಹುತೇಕ ಕಡೆ ವರ್ಷಕ್ಕೆ ಕೇವಲ 1 ಡಾಲರ್. ಸರ್ಕಾರದ ಮತ್ತು ಲಾಭರಹಿತ ಸಂಸ್ಥೆಗಳ ಆಸ್ತಿಗೆ ವಿನಾಯಿತಿ. ಹೀಗಾಗಿ ಆಸ್ಪತ್ರೆ, ಚರ್ಚು, ಸರ್ಕಾರಿ ಕಚೇರಿ ಜಾಸ್ತಿಯಿರುವ ಬೀದಿಯಲ್ಲಿ ಉಳಿದ ಅಂಗಡಿಗಳ ಮೇಲೆ ಭಾರ ಹೆಚ್ಚು.

ಬಿಲ್ಲು ಕಟ್ಟಡದ ಮಾಲೀಕರ ಹೆಸರಿಗೆ ಬರುತ್ತದೆ ನಿಜ. ಆದರೆ ಅಂಗಡಿ ಬಾಡಿಗೆ ಕರಾರುಗಳಲ್ಲಿ ‘ಆಸ್ತಿ ತೆರಿಗೆ ಏರಿಕೆಯಲ್ಲಿ ಬಾಡಿಗೆದಾರರ ಪಾಲು’ ಎಂಬ ಕಲಂ ಇರುತ್ತದೆ, ತೆರಿಗೆ ಎಂಬುದರ ವ್ಯಾಖ್ಯೆಯೊಳಗೆ ಬಿಡ್ ಕರವನ್ನೂ ಸೇರಿಸಿರುತ್ತಾರೆ. ಕಟ್ಟಡದ 40% ಜಾಗ ನಿಮ್ಮದಾದರೆ ಮೇಲಿನ 1,225ರಲ್ಲಿ 490 ಡಾಲರ್ ನಿಮ್ಮ ಗಲ್ಲಾಪೆಟ್ಟಿಗೆಯಿಂದ ಹೋಗಬಹುದು. ಆದರೂ ಬಿಡ್‌ನ ಆಡಳಿತ ಮಂಡಳಿಯಲ್ಲಿ ಬಹುಮತ ಕಾನೂನಿನ ಪ್ರಕಾರವೇ ಆಸ್ತಿ ಮಾಲೀಕರದ್ದು. ಬಾಡಿಗೆ ವ್ಯಾಪಾರಿಗಳು, ನಿವಾಸಿಗಳು, ಮೇಯರ್, ಕಂಪ್ಟ್ರೋಲರ್ (ನಗರದ ಲೆಕ್ಕ ನೋಡುವ ಅಧಿಕಾರಿ), ಬರೋ (ನಗರದ ಐದು ವಿಭಾಗಗಳಲ್ಲಿ ಒಂದು) ಅಧ್ಯಕ್ಷರು, ಕೌನ್ಸಿಲ್ ಸದಸ್ಯರ ಪ್ರತಿನಿಧಿಗಳು ಉಳಿದ ಕುರ್ಚಿಗಳಲ್ಲಿ. ಒಬ್ಬರಿಗೆ ಒಂದು ಮತ ಎಂಬ ತತ್ವಕ್ಕೆ ಇದು ವಿರುದ್ಧವೆಂದು ಗ್ರ್ಯಾಂಡ್ ಸೆಂಟ್ರಲ್ ಪ್ರದೇಶದ ಬಿಡ್ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಬಿಡ್‌ನ ಕೆಲಸ ಸೀಮಿತವಾದದ್ದು, ಆ ತತ್ವ ಇಲ್ಲಿಗೆ ಅನ್ವಯಿಸದು ಎಂದು 1998ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಕಾನೂನು ಒಪ್ಪಿರಬಹುದು, ವಿಮರ್ಶೆ ಒಪ್ಪಬೇಕಿಲ್ಲ. ಪ್ರಾತಿನಿಧ್ಯಕ್ಕೆ ಐದರಲ್ಲಿ ಎರಡೇ ಅಂಕ.

ಅದೇ 1998ರಲ್ಲಿ ಇನ್ನೊಂದು ತೀರ್ಪು ಬಂತು. ಅದೇ ಪ್ರದೇಶದ ಬಿಡ್ ಕೆಲಸ ನೋಡುವ ಗ್ರ್ಯಾಂಡ್ ಸೆಂಟ್ರಲ್ ಪಾರ್ಟ್‌ನರ್‌ಶಿಪ್ ಸೂರಿಲ್ಲದ ಜನರನ್ನು ‘ತರಬೇತಿ’ಯ ಹೆಸರಲ್ಲಿ ಗಂಟೆಗೆ ಸುಮಾರು ಒಂದು ಡಾಲರಿಗೆ ದುಡಿಸಿಕೊಂಡಿತ್ತು. ಅವರು ಕೆಲಸಗಾರರೇ, ಕನಿಷ್ಠ ವೇತನ ಕೊಡಲೇಬೇಕು ಎಂದವರು ಆಗ ಜಿಲ್ಲಾ ನ್ಯಾಯಾಧೀಶರಾಗಿದ್ದ, ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಸೋನಿಯಾ ಸೊಟೊಮಾಯರ್. ಅಗ್ಗದಲ್ಲಿ ಬೀದಿ ಹೊಳೆಯುತ್ತಿದೆ ಎಂದರೆ ಯಾರ ಕೂಲಿಯಲ್ಲಿ ಎಂದು ಕೇಳುವ ಅಭ್ಯಾಸ ಅಲ್ಲಿಂದ ಮುಂದೆ ಒಂದಿಷ್ಟು ಬಂತು.

ಬಿಡ್ ಹುಟ್ಟುವ ಬಗೆಯನ್ನೂ ನೋಡಿ. ಮೊದಲು ಸ್ಥಳೀಯ ಮಾಲೀಕರು, ವ್ಯಾಪಾರಿಗಳ ಸಮಿತಿ. ಗಡಿ, ಸೇವೆ, ಬಜೆಟ್, ಕರದ ಸೂತ್ರ ಇರುವ ಯೋಜನೆ. ಸಣ್ಣ ವ್ಯಾಪಾರ ಸೇವಾ ಇಲಾಖೆಯ ಪರಿಶೀಲನೆ. ಸಮುದಾಯ ಮಂಡಳಿ, ನಗರ ಯೋಜನಾ ಆಯೋಗ. ಕೊನೆಗೆ ನಗರ ಕೌನ್ಸಿಲ್‌ನ ಬಹಿರಂಗ ವಿಚಾರಣೆ. ವಿಚಾರಣೆ ಮುಗಿದ 30 ದಿನದೊಳಗೆ ಮಾಲೀಕರಲ್ಲಿ 51% ಜನ, ಅಥವಾ ತೆರಿಗೆ ಮೌಲ್ಯದ 51% ಹೊಂದಿರುವವರು ಸಿಟಿ ಕ್ಲರ್ಕ್ ಬಳಿ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಮಾತ್ರ ಅದು ಬಿದ್ದುಹೋಗುತ್ತದೆ. ಅಂದರೆ ಮೌನಂ ಸಮ್ಮತಿ ಲಕ್ಷಣಂ. ಪರ ಮತ ಹಾಕುವ ಕೆಲಸವೇ ಇಲ್ಲ, ಪತ್ರ ಓದದೆ ಕಸಕ್ಕೆ ಹಾಕಿದವರೂ ಒಪ್ಪಿದವರ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ರೀತಿ: 1996ರ ಪ್ರೊಪೊಸಿಷನ್ 218ರ ನಂತರ ಅಂಚೆ ಮತಪತ್ರ ಕಳಿಸಿ, ಕಟ್ಟುವ ಮೊತ್ತದ ತೂಕದಲ್ಲಿ ಎಣಿಸುತ್ತಾರೆ; ಅವಧಿ ಮುಗಿದಾಗ ಮತ್ತೆ ಒಪ್ಪಿಗೆ ಪಡೆಯಬೇಕು. ನ್ಯೂಯಾರ್ಕ್‌ನಲ್ಲಿ ಮುಕ್ತಾಯದ ತಾರೀಖಿಲ್ಲ. ರದ್ದು ಮಾಡಿಸಲು ಮೌಲ್ಯದ 51%ರಷ್ಟು ಮಾಲೀಕರ ಅರ್ಜಿ, ಇಲ್ಲವೇ ಕೌನ್ಸಿಲ್‌ನದೇ ನಿರ್ಧಾರ ಬೇಕು, ಅದೂ ಬಿಡ್‌ನ ಸಾಲ ತೀರಿದ ಮೇಲೆ. ಬಾಡಿಗೆಯವರು, ತಳ್ಳುಗಾಡಿಯವರು ಗಟ್ಟಿಯಾಗಿ ಕೂಗಿದರೆ ರಾಜಕೀಯವಾಗಿ ನಿಲ್ಲಿಸಬಹುದು ಎಂಬುದಕ್ಕೂ ಉದಾಹರಣೆಯಿದೆ: ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ 82ನೇ ಬೀದಿಯ ಬಿಡ್ಡನ್ನು ರೂಸ್‌ವೆಲ್ಟ್ ಅವೆನ್ಯೂ ಉದ್ದಕ್ಕೂ ಹಿಗ್ಗಿಸುವ ಯೋಜನೆ ಹಾಗೆ ನಿಂತಿತು.

ಬೆಂಗಳೂರಿನವರಿಗೆ ಹತ್ತಿರದ ಹೋಲಿಕೆ ಎಲೆಕ್ಟ್ರಾನಿಕ್ಸ್ ಸಿಟಿಯ ಎಲ್ಸಿಟಾ. 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಾದ ಅದು ಆಸ್ತಿ ತೆರಿಗೆಯನ್ನು ತಾನೇ ಎತ್ತಿ, ಒಂದು ಪಾಲನ್ನು ಸುತ್ತಲ ಪಂಚಾಯಿತಿಗಳಿಗೆ ಕೊಟ್ಟು, ಉಳಿದದ್ದರಲ್ಲಿ ರಸ್ತೆ, ದೀಪ, ಕಸ ನೋಡಿಕೊಳ್ಳುತ್ತದೆ. ವ್ಯತ್ಯಾಸ ಸಣ್ಣದಲ್ಲ: ಎಲ್ಸಿಟಾದಲ್ಲಿ ತೆರಿಗೆಯನ್ನೇ ಸ್ಥಳೀಯವಾಗಿ ಉಳಿಸಿಕೊಳ್ಳುತ್ತಾರೆ, ನ್ಯೂಯಾರ್ಕ್‌ನಲ್ಲಿ ನಗರಕ್ಕೆ ಪೂರ್ತಿ ತೆರಿಗೆ ಕಟ್ಟಿ ಅದರ ಮೇಲೆ ಇನ್ನೊಂದು. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಆಸ್ತಿ ತೆರಿಗೆಯ ಜತೆ ಬರುತ್ತಿರುವ ಕಸದ ಶುಲ್ಕ ನೋಡಲು ಇದರಂತೆಯೇ, ಆದರೆ ಚರ್ಚ್ ಸ್ಟ್ರೀಟಿನವರು ಕಟ್ಟಿದ ಹಣ ಚರ್ಚ್ ಸ್ಟ್ರೀಟಿಗೇ ಖರ್ಚಾಗಬೇಕೆಂಬ ಕಟ್ಟು ಅದಕ್ಕಿಲ್ಲ.

ನ್ಯೂಯಾರ್ಕ್‌ನಲ್ಲಿ ಹೋಟೆಲ್ಲೋ ದಿನಸಿ ಅಂಗಡಿಯೋ ತೆರೆಯಲು ಹೊರಟವರು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ಕಟ್ಟಡದ ಹಿಂದಿನ ವರ್ಷದ ತೆರಿಗೆ ಬಿಲ್ಲು ಕೇಳಿ ನೋಡಬೇಕು. ಕರಾರಿನ ‘ಆಧಾರ ವರ್ಷ’ದ, ಅಂದರೆ ತೆರಿಗೆ ಏರಿಕೆಯನ್ನು ಅಳೆಯಲು ಹೋಲಿಕೆಗೆ ಹಿಡಿಯುವ ವರ್ಷದ, ಮೊತ್ತದಲ್ಲಿ ಬಿಡ್ ಕರ ಸೇರಿದೆಯೇ ಎಂಬುದು ಮುಖ್ಯ. ಆಧಾರ ವರ್ಷದಲ್ಲಿ ಸೇರಿಸದೆ ಮುಂದಿನ ವರ್ಷಗಳಲ್ಲಿ ಸೇರಿಸಿದರೆ ಏರಿಕೆಯ ಪಾಲು ಮಾತ್ರವಲ್ಲ, ನಿಮ್ಮ ಪಾಲಿನ ಇಡೀ ಕರವೇ ಪ್ರತಿ ವರ್ಷ ನಿಮ್ಮ ಮೇಲೆ ಬೀಳುತ್ತದೆ. ಬೀದಿಯಲ್ಲಿ ಹೊಸ ಬಿಡ್‌ನ ಮಾತು ನಡೆಯುತ್ತಿದ್ದರೆ ಅದು ಯಾರ ತಲೆಗೆ ಎಂಬುದನ್ನು ಅಲ್ಲೇ ಬರೆಸಿಕೊಳ್ಳುವುದು ಲೇಸು. ಅಂಗಡಿ ಶುರುವಾದ ಮೇಲೆ ಬಿಡ್ ಕಚೇರಿಯಿಂದ ವ್ಯಾಪಾರಿ ಬಾಡಿಗೆದಾರರ ವರ್ಗದ, ಅಂದರೆ ‘ಬಿ’ ವರ್ಗದ, ಸದಸ್ಯತ್ವದ ಫಾರ್ಮ್ ತಂದು ಕರಾರಿನ ಪ್ರತಿಯ ಜತೆ ತುಂಬಿ ಕೊಡಿ. ಕರ ಕಟ್ಟಿದ ಮಾತ್ರಕ್ಕೆ ಮತ ತಾನಾಗಿ ಬರುವುದಿಲ್ಲ, ಹೆಸರು ದಾಖಲಾಗಿರಬೇಕು. ವಾರ್ಷಿಕ ಸಭೆಯಲ್ಲಿ ಬಜೆಟ್ ಹಾಳೆ ಹಂಚುತ್ತಾರೆ. ಅದರಲ್ಲಿ ಆಡಳಿತ ವೆಚ್ಚದ ಸಾಲನ್ನೂ ಸ್ವಚ್ಛತೆಯ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿ, ಹಿಂದಿನ ವರ್ಷದ್ದನ್ನೂ ಕೇಳಿ ಪಡೆಯಿರಿ.