ತೈಲದ ಬೆಲೆ ಮತ್ತೆ ಏರಿತು, ನನ್ನ ಷೇರು ಏಳಲಿಲ್ಲ

ಮೊನ್ನೆ ಗೆಳೆಯನೊಬ್ಬ ಒಂದು ಸಣ್ಣ ತೈಲ ಕಂಪನಿಯ ಲೆಕ್ಕ ಕಳಿಸಿದ. ‘ನೋಡು, ನೆಲದಡಿ ಇರೋ ತೈಲದ ಬೆಲೆಯಲ್ಲಿ ಅರ್ಧಕ್ಕೇ ಷೇರು ಸಿಗ್ತಿದೆ. ಇನ್ನೇನು ಬೇಕು?’ ಓದಿ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. 2014ರಲ್ಲಿ ನಾನೂ ಇದೇ ಮಾತು ಹೇಳಿಕೊಂಡು, ಉಳಿತಾಯದ ದೊಡ್ಡ ಪಾಲನ್ನು ಒಂದೇ ಕಂಪನಿಗೆ ಸುರಿದಿದ್ದೆ. ಕಂಪನಿಯ ಹೆಸರು ಬೇಡ. ಅದು ಮೋಸವನ್ನೂ ಮಾಡಲಿಲ್ಲ. ನಾನು ನೋಡಬೇಕಾಗಿದ್ದೆಲ್ಲ ವಾರ್ಷಿಕ ವರದಿಯಲ್ಲೇ ಇತ್ತು. ಓದಿದ್ದೆ ಕೂಡ. ಅರ್ಥ ಮಾತ್ರ ನನಗೆ ಬೇಕಾದ ಹಾಗೆ ಮಾಡಿಕೊಂಡಿದ್ದೆ.

ಆ ವರ್ಷ ಜೂನ್‌ನಲ್ಲಿ ಜಗತ್ತಿನ ತೈಲದ ಬೆಲೆಗೆ ಅಳತೆಗೋಲಾದ ಬ್ರೆಂಟ್ ಕಚ್ಚಾ ತೈಲ ಬ್ಯಾರೆಲ್‌ಗೆ 115 ಡಾಲರ್ ಹತ್ತಿರ ಇತ್ತು. ಕಂಪನಿ ಅಮೆರಿಕದಲ್ಲಿ ಷೇಲ್ ಕಲ್ಲಿನ ಪದರದಿಂದ ತೈಲ, ಗ್ಯಾಸ್ ತೆಗೆಯುವಂಥದ್ದು. ಪಿಇ, ಅಂದರೆ ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಅನ್ನೋ ಲೆಕ್ಕ, 5ನ್ನೂ ಮುಟ್ಟಿರಲಿಲ್ಲ. ವರದಿಯಲ್ಲಿ ‘ಖಚಿತ ನಿಕ್ಷೇಪ’ ಇಷ್ಟು ಕೋಟಿ ಬ್ಯಾರೆಲ್ ಅಂತ ಕಂಡಿತು. ಅದಕ್ಕೊಂದು ಬೆಲೆ ಕಟ್ಟಿದೆ, ಷೇರುಗಳ ಸಂಖ್ಯೆಯಿಂದ ಭಾಗಿಸಿದೆ. ಬಂದ ಮೊತ್ತದ ಅರ್ಧಕ್ಕೆ ಷೇರು ಸಿಗುತ್ತಿತ್ತು. ಗೋದಾಮಿನ ತುಂಬ ಸರಕಿದೆ, ಯಾರೋ ಪೆದ್ದರು ಅದನ್ನು ಅರ್ಧ ಬೆಲೆಗೆ ಮಾರುತ್ತಿದ್ದಾರೆ ಅನ್ನೋ ಖುಷಿ ನನಗೆ. ಪೆದ್ದ ಯಾರು ಅಂತ ಆಮೇಲೆ ಗೊತ್ತಾಯಿತು.

ಮೊದಲು ಎಡವಿದ್ದು ಆ ‘ಬ್ಯಾರೆಲ್’ ಅನ್ನೋ ಪದಕ್ಕೆ. ಅದು ತೈಲದ ಬ್ಯಾರೆಲ್ ಅಲ್ಲ, ‘ತೈಲಕ್ಕೆ ಸಮ’ ಅನ್ನೋ ಬ್ಯಾರೆಲ್. ಸುಮಾರು 6,000 ಘನ ಅಡಿ ಗ್ಯಾಸನ್ನು ಒಂದು ಬ್ಯಾರೆಲ್ ಅಂತ ಎಣಿಸುತ್ತಾರೆ. ಉರಿಸಿದರೆ ಬರುವ ಶಾಖ ಹೆಚ್ಚು ಕಡಿಮೆ ಅಷ್ಟೇ, ಅದಕ್ಕೆ. ಆದರೆ ಮಾರಿದರೆ ಬರುವ ದುಡ್ಡು? ಆಗ ಅಮೆರಿಕದಲ್ಲಿ ಅಷ್ಟು ಗ್ಯಾಸಿಗೆ 25 ಡಾಲರ್ ಆಸುಪಾಸು, ತೈಲಕ್ಕೆ 100. ನನ್ನ ಕಂಪನಿಯ ‘ಬ್ಯಾರೆಲ್’ಗಳಲ್ಲಿ ಮೂರರಲ್ಲಿ ಎರಡು ಪಾಲು ಗ್ಯಾಸೇ. ನಾನು ಎಲ್ಲಕ್ಕೂ ತೈಲದ ಬೆಲೆ ಹಾಕಿದ್ದೆ.

ಇನ್ನೊಂದು ಸಾಲು ಅದೇ ಪುಟದಲ್ಲಿತ್ತು. ನಿಕ್ಷೇಪದ ಅರ್ಧಕ್ಕಿಂತ ಜಾಸ್ತಿ ‘ಅಭಿವೃದ್ಧಿಯಾಗದ’ ಪಾಲು. ಅಂದರೆ ಇನ್ನೂ ಬಾವಿ ಕೊರೆದೇ ಇಲ್ಲ. ಐದು ವರ್ಷದೊಳಗೆ ಕೊರೆಯುವ ಯೋಜನೆ ಇದ್ದರೆ ಅದನ್ನೂ ಖಚಿತ ಅಂತ ತೋರಿಸಲು ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಬಿಡುತ್ತದೆ. ಕೊರೆಯಲು ದುಡ್ಡು ಎಲ್ಲಿಂದ ಅನ್ನೋದು ಬೇರೆ ಪ್ರಶ್ನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ನಾನು ಕುಲಾವಿಗೆ ದುಡ್ಡು ಕೊಟ್ಟಿದ್ದೆ.

ಇಷ್ಟಕ್ಕೇ ನಿಂತಿದ್ದರೆ ನಷ್ಟ ತಡೆದುಕೊಳ್ಳಬಹುದಿತ್ತು. ನನ್ನನ್ನು ನಿಜವಾಗಿ ಮುಳುಗಿಸಿದ್ದು 2015ರ ಆರಂಭದಲ್ಲಿ ಬಂದ ವರದಿ. 2014ರ ನವೆಂಬರ್ 27ರಂದು ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್‌ನ ದೇಶಗಳು ಉತ್ಪಾದನೆ ಕಡಿಮೆ ಮಾಡೋದಿಲ್ಲ ಅಂದವು. ಜನವರಿ ಹೊತ್ತಿಗೆ ತೈಲ 50 ಡಾಲರ್‌ಗಿಂತ ಕೆಳಗೆ. ಷೇರು ಅರ್ಧಕ್ಕಿಂತ ಜಾಸ್ತಿ ಬಿತ್ತು. ಭಯದಲ್ಲೇ ಹೊಸ ವರದಿ ತೆಗೆದರೆ, ಅಬ್ಬಾ, ನಿಕ್ಷೇಪದ ಮೌಲ್ಯ ಹೋದ ವರ್ಷದಷ್ಟೇ ಇದೆ! ಅರ್ಧ ಬೆಲೆಗೆ ಸಿಗುತ್ತಿದ್ದದ್ದು ಈಗ ಕಾಲು ಬೆಲೆಗೆ. ಆವರೇಜ್ ಮಾಡೋಣ, ಕೊಂಡ ಸರಾಸರಿ ಬೆಲೆ ಇಳಿಯಲಿ ಅಂತ ಇನ್ನಷ್ಟು ಕೊಂಡೆ.

ಆ ಮೌಲ್ಯ ಯಾವ ಬೆಲೆಯ ಮೇಲೆ ನಿಂತಿದೆ ಅಂತ ನೋಡಲೇ ಇಲ್ಲ. ಎಸ್‌ಇಸಿ ನಿಯಮದ ಪ್ರಕಾರ ಹಿಂದಿನ 12 ತಿಂಗಳಲ್ಲಿ ಪ್ರತಿ ತಿಂಗಳ ಮೊದಲ ದಿನ ಇದ್ದ ಬೆಲೆಯ ಸರಾಸರಿ ತೆಗೆದುಕೊಳ್ಳಬೇಕು. 2014ಕ್ಕೆ ಅದು ಸುಮಾರು 95 ಡಾಲರ್. ಮುಂದೆ ಬರುವ ಹಣದಲ್ಲಿ ವರ್ಷಕ್ಕೆ ಶೇ 10ರಂತೆ ಕಳೆದು ಇವತ್ತಿನ ಮೌಲ್ಯ ಹೇಳುತ್ತಾರೆ. ಲೆಕ್ಕ ನಿಯಮದ ಪ್ರಕಾರ ಸರಿಯೇ. ಆದರೆ ಪೇಟೆಯಲ್ಲಿ ತೈಲ 50ಕ್ಕೆ ಮಾರುತ್ತಿರುವಾಗ ನಾನು 95ರ ಲೆಕ್ಕ ಹಿಡಿದುಕೊಂಡು ‘ಅಗ್ಗ, ಅಗ್ಗ’ ಅಂತ ಕೊಳ್ಳುತ್ತಿದ್ದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದೆ ಅಂತ ಬೇರೆ ಜಂಬ.

ಮುಂದಿನ ವರ್ಷ ಸರಾಸರಿ 50ಕ್ಕೆ ಇಳಿದಾಗ ನಿಕ್ಷೇಪವೇ ಕರಗಿತು. ತೈಲ ಎಲ್ಲಿಗೂ ಹೋಗಿರಲಿಲ್ಲ, ಕಲ್ಲಿನೊಳಗೇ ಇತ್ತು. ಆದರೆ ತೆಗೆಯುವ ಖರ್ಚು ಮಾರುವ ಬೆಲೆಗಿಂತ ಜಾಸ್ತಿ ಆದರೆ ಅದನ್ನು ನಿಕ್ಷೇಪ ಅಂತ ಎಣಿಸುವ ಹಾಗಿಲ್ಲ. ಕೊರೆಯದ ಬಾವಿಗಳ ಪಾಲು ಬಹುಪಾಲು ಪಟ್ಟಿಯಿಂದ ಎದ್ದುಹೋಯಿತು.

ಇದರ ಹಿಂದೆಯೇ ಬಂದದ್ದು ಬ್ಯಾಂಕ್. ಇಂಥ ಕಂಪನಿಗಳು ನಿಕ್ಷೇಪವನ್ನೇ ಒತ್ತೆ ಇಟ್ಟು ಸಾಲ ತರುತ್ತವೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬ್ಯಾಂಕು ಒತ್ತೆಯ ಬೆಲೆ ಮತ್ತೆ ಕಟ್ಟಿ, ಸಾಲದ ಮಿತಿ ಇಳಿಸಬಹುದು. ಷೇರಿನ ಮೌಲ್ಯ ಲೆಕ್ಕ ಹಾಕುವಾಗ ನಾನು ಈ ಸಾಲವನ್ನು ಕಳೆದೇ ಇರಲಿಲ್ಲ ಅಂದರೆ ನಂಬುತ್ತೀರಾ? 2015ರಲ್ಲಿ ಕಂಪನಿ ಗಟ್ಟಿಯಾಗಿಯೇ ಕಂಡಿತು. 90 ಡಾಲರ್‌ಗೆ ಮೊದಲೇ ಹೆಡ್ಜ್ ಮಾಡಿ, ಅಂದರೆ ಮುಂದೆ ಮಾರುವ ಬೆಲೆಯನ್ನು ಒಪ್ಪಂದದಲ್ಲಿ ಕಟ್ಟಿಹಾಕಿ ಇಟ್ಟಿದ್ದರಿಂದ ಕೈಗೆ ಹಣ ಬರುತ್ತಿತ್ತು. ಡಿಸೆಂಬರ್‌ಗೆ ಹೆಡ್ಜ್ ಮುಗಿಯಿತು. 2016ರ ಫೆಬ್ರುವರಿಯಲ್ಲಿ ಅಮೆರಿಕದ ಅಳತೆಗೋಲಾದ ಡಬ್ಲ್ಯುಟಿಐ ತೈಲ 26 ಡಾಲರ್. ಅದೇ ಹೊತ್ತಿಗೆ ಬ್ಯಾಂಕು ಮಿತಿ ಇಳಿಸಿತು. ಲಾಭದಲ್ಲಿ ಷೇರುದಾರರಿಗೆ ಹಂಚುತ್ತಿದ್ದ ಡಿವಿಡೆಂಡ್ ನಿಂತಿತು. ಸಾಲ ತೀರಿಸಲು ಕಂಪನಿ ಹೊಸ ಷೇರು ಮಾರಿತು, ನೆಲಕಚ್ಚಿದ ಬೆಲೆಗೆ. ಒಂದು ಸಲವಲ್ಲ, ಮೂರು ಸಲ.

ಅಲ್ಲಿಗೆ ಕಥೆ ಮುಗಿದಿತ್ತು, ನನಗೆ ಗೊತ್ತಾಗಲಿಲ್ಲ. ‘ತೈಲ ಯಾವತ್ತಾದರೂ ಮೇಲೆ ಬರಲೇಬೇಕು’ ಅಂತ ಹಿಡಿದುಕೊಂಡು ಕೂತೆ. ಬಂತು ಕೂಡ. 2018ರ ಅಕ್ಟೋಬರ್‌ನಲ್ಲಿ ಬ್ರೆಂಟ್ 85 ಡಾಲರ್ ದಾಟಿತು. ಆದರೆ ಅಷ್ಟು ಹೊತ್ತಿಗೆ ಷೇರುಗಳ ಸಂಖ್ಯೆ ನಾಲ್ಕು ಪಟ್ಟಾಗಿತ್ತು. ನನ್ನ ಪಾಲು ಕಾಲು ಭಾಗಕ್ಕೆ ಇಳಿದಿತ್ತು. ಕೊಂಡ ಬೆಲೆಯ ಎಂಟನೇ ಒಂದು ಪಾಲಿಗೆ ಮಾರಿ ಎದ್ದು ಬಂದೆ.

ಪಿಇ ವಿಷಯ ಹೇಳದೆ ಬಿಟ್ಟೆ. ತೈಲ ಏರಿದಾಗ ಲಾಭ ಉಬ್ಬುತ್ತದೆ, ಪಿಇ ತಾನಾಗಿ ಕುಗ್ಗುತ್ತದೆ. ಈ ಉದ್ಯಮದಲ್ಲಿ ಪಿಇ ತೀರ ಕಡಿಮೆ ಕಾಣೋದು ಎಷ್ಟೋ ಸಲ ಬೆಲೆ ತುದಿಯಲ್ಲಿದ್ದಾಗ. ಮೇಲಾಗಿ ಷೇಲ್ ಬಾವಿಯ ಉತ್ಪಾದನೆ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಬೀಳೋದು ಮಾಮೂಲು. ಬಂದ ಲಾಭವನ್ನೆಲ್ಲ ಹೊಸ ಬಾವಿಗೆ ಹಾಕಿದರೂ ಉತ್ಪಾದನೆ ಇದ್ದಲ್ಲೇ ಇರುತ್ತದೆ. ತೂತು ಮಡಿಕೆಗೆ ನೀರು ಹೊಯ್ದ ಹಾಗೆ. ಅದಕ್ಕೇ ನಾನೀಗ ಲಾಭದ ಸಾಲು ಬಿಟ್ಟು, ಬಾವಿಗಳ ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿಯಿತು ಅಂತ ನೋಡುತ್ತೇನೆ.

‘ಹಾಗಾದರೆ ದೊಡ್ಡ ಕಂಪನಿ ಕೊಂಡು ಡಿವಿಡೆಂಡ್ ತಿಂದುಕೊಂಡು ಇರಬಹುದಲ್ವಾ?’ ಅಂತ ಕೇಳುವವರಿದ್ದಾರೆ. ಸಣ್ಣವಕ್ಕಿಂತ ವಾಸಿ, ಒಪ್ಪುತ್ತೇನೆ. ಆದರೂ 2020ರ ಏಪ್ರಿಲ್‌ನಲ್ಲಿ ದೈತ್ಯ ತೈಲ ಕಂಪನಿ ಶೆಲ್ ತನ್ನ ಡಿವಿಡೆಂಡನ್ನು ಮೂರನೇ ಒಂದು ಪಾಲಿಗೆ ಇಳಿಸಿತು. ಎರಡನೇ ಮಹಾಯುದ್ಧದ ನಂತರ ಅದು ಡಿವಿಡೆಂಡ್ ಕಡಿತ ಮಾಡಿದ್ದು ಅದೇ ಮೊದಲು. ಆಗಸ್ಟ್‌ನಲ್ಲಿ ಇನ್ನೊಂದು ದೊಡ್ಡ ಕಂಪನಿ ಬಿಪಿ ಅರ್ಧಕ್ಕೆ ಇಳಿಸಿತು. ಷೇರು ಬಿದ್ದಾಗ ಡಿವಿಡೆಂಡಿನ ಶೇಕಡಾವಾರು ಲೆಕ್ಕ ತಾನಾಗಿ ದೊಡ್ಡದಾಗಿ ಕಾಣುತ್ತದೆ. ಅದು ಕೊಟ್ಟ ಮಾತಲ್ಲ, ಹೋದ ವರ್ಷದ ನೆನಪು.

ಗೆಳೆಯ ಕಳಿಸಿದ ಕಂಪನಿಯ ವರದಿಯನ್ನು ರಾತ್ರಿ ಕೂತು ಓದಿದೆ. ಮೊದಲು ಐದು ವರ್ಷದ ಷೇರುಗಳ ಸಂಖ್ಯೆ ನೋಡಿದೆ: ಎರಡು ಪಟ್ಟು. ಕೊರೆಯದ ಬಾವಿಗಳ ಪಾಲು ಶೇ 60ರ ಮೇಲೆ. ಮೌಲ್ಯ ಕಟ್ಟಿದ್ದು ಇವತ್ತಿನ ಬೆಲೆಗಿಂತ ಜಾಸ್ತಿ ಬೆಲೆಗೆ. ಹೆಡ್ಜ್ ಮುಂದಿನ ಆರು ತಿಂಗಳಿಗೆ ಮಾತ್ರ, ಬ್ಯಾಂಕಿನ ಸಾಲದ ಗಡುವು ಅದರ ಮರು ವರ್ಷ. ಆ ನಾಲ್ಕೂ ಪುಟಗಳ ಚಿತ್ರ ತೆಗೆದು ಅವನಿಗೆ ಕಳಿಸಿದೆ. ಸಾಲ ಕಳೆದು, ಗ್ಯಾಸಿಗೆ ಗ್ಯಾಸಿನ ಬೆಲೆಯನ್ನೇ ಹಾಕಿ ಇನ್ನೊಂದು ಸಲ ಲೆಕ್ಕ ಮಾಡು ಅಂತ ಬರೆದೆ. ನೋಡಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.