ಅಪ್ಪನ ಜನತಾ, ದೊಡ್ಡಪ್ಪನ ಸೋವಾರ್: ಹಳೆಯ ವಾಚನ್ನು ಯಾರ ಕೈಗೆ ಕೊಡಬೇಕು?

ಮನೆಯ ಹಿರಿಯರು ಕಟ್ಟಿಕೊಂಡು ಓಡಾಡಿದ, ಕೀ ಕೊಡುವ ವಾಚೊಂದು ಕಪಾಟಿನಲ್ಲಿ ನಿಂತು ಬಿದ್ದಿದ್ದರೆ, ಅದನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿ, ಹೊರಗಿನ ರೂಪವನ್ನು ಇದ್ದಂತೆಯೇ ಹಿಂದಿರುಗಿಸುವ ಹಳೆಯ ರಿಪೇರಿಯವರ ಬಳಿಗೇ ಒಯ್ಯಬೇಕು. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷಗಳಲ್ಲಿ ನಾನು ಮೂರು ದಾರಿಗಳನ್ನು ಪ್ರಯತ್ನಿಸಿದ್ದೇನೆ: ಎಲ್ಲವನ್ನೂ ಹೊಸದರಂತೆ ಮಾಡಿಕೊಡುವ ಅಂಗಡಿ, ಮುಂಬೈನ ಕೋಟೆ ಪ್ರದೇಶದ ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಕೆಳಗೆ ಕುಳಿತುಕೊಳ್ಳುವ ವೃದ್ಧ ಕುಶಲಕರ್ಮಿ, ಮತ್ತು ಯಾರೋ ಮೊದಲೇ ಸರಿಪಡಿಸಿ ಮಾರುವ ವಾಚನ್ನು ಅಂತರ್ಜಾಲದಲ್ಲಿ ಕೊಳ್ಳುವುದು. ಮೊದಲನೆಯ ದಾರಿಯಲ್ಲಿ ಅಪ್ಪನ ವಾಚಿನ ಮೂಲ ಡಯಲನ್ನೇ ಕಳೆದುಕೊಂಡೆ.

ಅಪ್ಪನದು ಎಚ್‌ಎಂಟಿ ಜನತಾ, ಒಳಗಿನ ಚಕ್ರಗಳು ಸವೆಯದಂತೆ 17 ಜ್ಯುವೆಲ್‌ಗಳನ್ನು, ಅಂದರೆ ಪುಟ್ಟ ಹರಳುಗಳನ್ನು, ಕೂರಿಸಿದ ವಾಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಆರಂಭವಾದ ಮೇಲೆ, ನೌಕರಿ ಸಿಕ್ಕಿದವರೂ ಮದುವೆಯಾದವರೂ ಇದನ್ನೇ ಕಟ್ಟಿದರು. ಉಡುಪಿಯಿಂದ ಬ್ಯಾಂಕಿನ ಕೆಲಸಕ್ಕೆ ಬಂದು ಮಾಟುಂಗದಲ್ಲಿ ಮನೆ ಮಾಡಿದ ಅಪ್ಪನ ವಾಚಿನ ಡಯಲ್ ಮೇಲೆ ‘ಜನತಾ’ ಎಂಬ ಹೆಸರು ದೇವನಾಗರಿಯಲ್ಲಿತ್ತು. ದೊಡ್ಡಪ್ಪನದು ವೆಸ್ಟ್ ಎಂಡ್ ಕಂಪನಿಯ ಸೋವಾರ್. ಆ ಕಂಪನಿ ಈ ಊರಿನಲ್ಲಿ 1886ರಲ್ಲೇ ಅಂಗಡಿ ತೆರೆದಿದ್ದುದರಿಂದ ಹಳೆಯ ಮುಂಬೈ ಮನೆಗಳಲ್ಲಿ ಅದರ ವಾಚುಗಳು ಇಂದಿಗೂ ಸಿಗುತ್ತವೆ. ಹಗಲು ಕೋಟೆಯ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದುತ್ತಿದ್ದ ದೊಡ್ಡಪ್ಪ, ಶಾಲೆಗೆ ತಡವಾಗಬಾರದೆಂದು ಅದನ್ನು ಕೊಂಡಿದ್ದರಂತೆ.

ಜನತಾವನ್ನು ನಾನು ಒಯ್ದದ್ದು ಎಲ್ಲವನ್ನೂ ಹೊಸದು ಮಾಡುವ ಅಂಗಡಿಗೆ. 2,800 ರೂಪಾಯಿಗೆ ಯಂತ್ರದ ಸರ್ವೀಸ್, ಕವಚಕ್ಕೆ ಪಾಲಿಶ್, ಹೊಸ ಗಾಜು ಮತ್ತು ಡಯಲ್‌ಗೆ ಹೊಸ ಬಣ್ಣ ಎಂದು ಮಾತಾಯಿತು. ಡಯಲ್ ಅಂಚಿನಲ್ಲಿ ಬೆವರು ಇಳಿದು ಕಂದು ಕಲೆಯಾಗಿದ್ದುದರಿಂದ ನಾನೂ ಒಪ್ಪಿದೆ. ಹತ್ತು ದಿನಗಳಲ್ಲಿ ವಾಚು ಕೈಗೆ ಬಂದಾಗ ದೇವನಾಗರಿಯ ಅಕ್ಷರಗಳು ಹೋಗಿ ದಪ್ಪನೆಯ ಇಂಗ್ಲಿಷ್ ಅಕ್ಷರಗಳು ಬಂದಿದ್ದವು. ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದು ಕರೆಯುವ, ಬಣ್ಣ ಬಳಿದ ವಾಚುಗಳ ಸಾಲಿಗೆ ಅಪ್ಪನ ವಾಚನ್ನು ನಾನೇ ದುಡ್ಡು ಕೊಟ್ಟು ಸೇರಿಸಿದ್ದೆ. ಆದರೆ ನಿಜವಾದ ಕಾಟ ಆರಂಭವಾದದ್ದು ಅನಂತರ.

ನಾನು ಬೆಳಿಗ್ಗೆ ಏಳು ಗಂಟೆಗೆ ವಾಚಿಗೆ ಕೀ ಕೊಟ್ಟು ಡೊಂಬಿವಲಿಯಿಂದ ಲೋಕಲ್ ಹಿಡಿಯುವವನು. ಮೂರನೆಯ ದಿನ ಎದ್ದು ನೋಡಿದರೆ ವಾಚು 4.20ಕ್ಕೆ ನಿಂತಿತ್ತು. ಕೀ ಕೊಟ್ಟೆ, ನಡೆಯಿತು. ದಿನವಿಡೀ ಸಮಯ ಸರಿಯಾಗಿಯೇ ತೋರಿಸಿತು. ಮರುದಿನ ಬೆಳಿಗ್ಗೆ ಮತ್ತೆ 4.20ರ ಆಸುಪಾಸಿನಲ್ಲಿ ನಿಂತಿತ್ತು. ಅಂಗಡಿಗೆ ಒಯ್ದರೆ ಅವರು ಕೀ ಕೊಟ್ಟು, ಸಂಜೆಯವರೆಗೆ ಮೇಜಿನ ಮೇಲೆ ಇಟ್ಟುಕೊಂಡು, ನಡೆಯುತ್ತಿದೆಯಲ್ಲ ಎಂದು ಹಿಂದಿರುಗಿಸುತ್ತಿದ್ದರು. ಹೀಗೆ ಮೂರು ಸಲ ಹೋಗಿ ಬಂದೆ. ಕೀ ಕೊಡುವುದನ್ನು ಮರೆಯುತ್ತಿದ್ದೀರಿ ಎಂದು ಮೂರನೆಯ ಸಲ ಅವರು ಹೇಳಿದಾಗ ನನಗೆ ಬಹಳ ನೋವಾಯಿತು, ಏಕೆಂದರೆ ಆ ಕೀ ಕೊಡುವ ಕ್ಷಣಕ್ಕಾಗಿಯೇ ನಾನು ಅಪ್ಪನ ವಾಚನ್ನು ಸರಿಮಾಡಿಸಿದ್ದೆ.

ಕಾರಣವನ್ನು ಕಂಡುಹಿಡಿದವರು ಮೆಟ್ಟಿಲಿನ ಕೆಳಗಿನ ಕಾಕಾ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚನ್ನು ಅಡ್ಡವಾಗಿ ಹಿಡಿದು ನೋಡಿ, ಒಂದು ನಿಮಿಷದೊಳಗೆ ಡಯಲ್ ಒಂದು ಕಡೆ ಎದ್ದಿದೆ ಎಂದರು. ಡಯಲ್‌ನ ಹಿಂಬದಿಯಲ್ಲಿ ಎರಡು ಸಣ್ಣ ಕಾಲುಗಳಿರುತ್ತವೆ. ಅವು ಯಂತ್ರದ ರಂಧ್ರಗಳಿಗೆ ಇಳಿದು, ಪಕ್ಕದ ಪುಟ್ಟ ಸ್ಕ್ರೂಗಳ ಹಿಡಿತದಲ್ಲಿ ಕದಲದೆ ಕೂರುತ್ತವೆ. ಬಣ್ಣ ಬಳಿದು ಅಕ್ಷರ ಒತ್ತುವುದು ಸುಲಭವಾಗಲೆಂದು ಆ ಎರಡೂ ಕಾಲುಗಳನ್ನು ಕತ್ತರಿಸಿ, ಡಯಲನ್ನು ಅಂಟಿನಿಂದ ಕೂರಿಸಲಾಗಿತ್ತು. ನಾಲ್ಕರ ಅಂಕದ ಬಳಿ ಅಂಟು ದಪ್ಪವಾಗಿ, ಡಯಲ್‌ಗೆ ತೀರ ಹತ್ತಿರದಲ್ಲಿ ತಿರುಗುವ ಗಂಟೆಯ ಮುಳ್ಳು ಅಲ್ಲಿ ಉಜ್ಜುತ್ತಿತ್ತು. ಸಂಜೆ 4.20ಕ್ಕೆ, ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ನಡೆಸುವ ಮೇನ್‌ಸ್ಪ್ರಿಂಗ್‌ನಲ್ಲಿ ಇನ್ನೂ ಸಾಕಷ್ಟು ಬಲ ಉಳಿದಿರುವುದರಿಂದ ಮುಳ್ಳು ದಾಟಿಬಿಡುತ್ತಿತ್ತು. ಬೆಳಗಿನ ಜಾವ, ಕೀ ಕೊಟ್ಟು ಇಪ್ಪತ್ತೊಂದು ಗಂಟೆ ಕಳೆದಿರುವಾಗ, ಅದೇ ಉಜ್ಜಾಟಕ್ಕೆ ಯಂತ್ರ ಸೋಲುತ್ತಿತ್ತು. ಹಗಲಿನಲ್ಲಿ ಮಾತ್ರ ನೋಡುವ ಅಂಗಡಿಯವರಿಗೆ ಅದು ಎಂದೂ ಕಾಣುವಂತಿರಲಿಲ್ಲ. ಕಾಲುಗಳನ್ನು ಮತ್ತೆ ಬೆಸೆಯಲು ಹೋದರೆ ಶಾಖಕ್ಕೆ ಬಣ್ಣ ಸುಡುತ್ತದೆ. ಹಳೆಯ ಬಣ್ಣವಂತೂ ಕೆರೆದು ಹೋಗಿರುವುದರಿಂದ ಇನ್ನು ಯಾರಿಂದಲೂ ಬಾರದು.

ಕವಚದ ಪಾಲಿಶ್ ಬಗ್ಗೆಯೂ ಒಂದು ಮಾತು ಹೇಳಬೇಕು: ಪಟ್ಟಿ ಸಿಕ್ಕಿಸುವ ಕೊಂಬುಗಳ ಚೂಪಾದ ಅಂಚುಗಳು ಉಜ್ಜಿ ಉಜ್ಜಿ ದುಂಡಗಾಗಿವೆ. ಹೊಸ ಗಾಜು ಚೆನ್ನಾಗಿದೆ.

ಈ ಅನುಭವವಾದ ಮೇಲೆ ದೊಡ್ಡಪ್ಪನ ಸೋವಾರನ್ನು ನೇರವಾಗಿ ಕಾಕಾ ಅವರಿಗೇ ಕೊಟ್ಟೆ. ಅವರು 900 ರೂಪಾಯಿ ಹೇಳಿದರು, ಆರು ವಾರ ತೆಗೆದುಕೊಂಡರು. ಈ ವಿಳಂಬವೇ ಅವರ ದೊಡ್ಡ ಕೊರತೆ, ಆದರೆ ಅದಕ್ಕೆ ಕಾರಣವಿತ್ತು: ಒಳಗಿನ ಮೇನ್‌ಸ್ಪ್ರಿಂಗ್ ತುಂಡಾಗಿತ್ತು, ಅಗಲ, ದಪ್ಪ, ಉದ್ದ ಮೂರೂ ಹೊಂದುವ ಇನ್ನೊಂದನ್ನು ಹುಡುಕಬೇಕಾಗಿತ್ತು. ಅಂದಾಜಿನ ಸ್ಪ್ರಿಂಗ್ ಹಾಕಿ ಕಳುಹಿಸುವುದು ಅವರಿಗೆ ಒಗ್ಗುವುದಿಲ್ಲ. ಡಯಲ್ ಮೇಲಿನ ಕಲೆಯನ್ನು ಏನು ಮಾಡುವುದು ಎಂದು ನಾನು ಕೇಳಿದಾಗ, ಅದು ಇರಲಿ, ಅದನ್ನು ಮುಟ್ಟಿದರೆ ಅಕ್ಷರವೂ ಎದ್ದು ಬರುತ್ತದೆ ಎಂದರು. ಹಿಂದಿನ ಮುಚ್ಚಳದ ಅಂಚಿನಲ್ಲಿ ಹೆಪ್ಪುಗಟ್ಟಿದ್ದ ಬೆವರಿನ ಕೊಳೆಯನ್ನು ಬ್ರಷ್‌ನಿಂದ ತೆಗೆದು, ಗಾಜಿನ ಗೀರುಗಳನ್ನು ಪೇಸ್ಟಿನಿಂದ ಮಾತ್ರ ಉಜ್ಜಿ, ಯಂತ್ರವನ್ನು ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಕೊಟ್ಟರು. ತುಂಡಾದ ಹಳೆಯ ಸ್ಪ್ರಿಂಗನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು. ಬದಲಿಸಿದ ಭಾಗವನ್ನು ಹಿಂದಿರುಗಿಸುವ ಈ ಪದ್ಧತಿಯೊಂದರಿಂದಲೇ ರಿಪೇರಿಯವರನ್ನು ಅಳೆಯಬಹುದು ಎಂದು ನಾನು ನಂಬುತ್ತೇನೆ. ಸೋವಾರ್ ಈಗ ದಿನಕ್ಕೆ ಸುಮಾರು ಅರ್ಧ ನಿಮಿಷ ಮುಂದೆ ಹೋಗುತ್ತದೆ. ಬೆಳಿಗ್ಗೆ ಕೀ ಕೊಡುವಾಗಲೇ ಮುಳ್ಳು ಸರಿಪಡಿಸುವ ನನಗೆ ಅದು ತೊಂದರೆಯೇ ಅಲ್ಲ.

ಮೂರನೆಯದು, ಅಂತರ್ಜಾಲದಲ್ಲಿ 2,400 ರೂಪಾಯಿಗೆ ಕೊಂಡ ಎಚ್‌ಎಂಟಿ ಪೈಲಟ್. ನಡೆಯುತ್ತದೆ, ಕಪ್ಪು ಡಯಲ್ ನೋಡಲು ಸೊಗಸಾಗಿದೆ. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟ ಮೇಲೆ ಇವಕ್ಕೆ ಬೇಡಿಕೆ ಏರಿ, ನಾಲ್ಕು ವಾಚುಗಳ ಭಾಗಗಳಿಂದ ಒಂದನ್ನು ಜೋಡಿಸಿ ಮಾರುವುದು ಸಾಮಾನ್ಯವಾಗಿದೆ. ನನ್ನದರಲ್ಲಿಯೂ ಡಯಲ್ ಹೊಸ ಬಣ್ಣದ್ದೇ. ಮನೆಯಲ್ಲಿ ಹಳೆಯ ವಾಚಿಲ್ಲದವರು, ಕೀ ಕೊಡುವ ವಾಚು ಹೇಗಿರುತ್ತದೆ ಎಂದು ತಿಳಿಯಲು ಇದನ್ನು ಕೊಂಡರೆ ತಪ್ಪಿಲ್ಲ. ಆದರೆ ಕೊಳ್ಳುವ ಮೊದಲು ಹಿಂದಿನ ಮುಚ್ಚಳ ತೆಗೆದ ಚಿತ್ರವನ್ನು ಕೇಳಿ ಪಡೆಯಬೇಕು.

ನನ್ನ ಆಯ್ಕೆ ನನ್ನ ಅಭ್ಯಾಸಗಳಿಗೆ ಹೊಂದಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಈ ವಾಚುಗಳನ್ನು ಕಟ್ಟುವುದಿಲ್ಲ, ಏಕೆಂದರೆ ಇಲ್ಲಿಯ ಮಳೆಯಲ್ಲಿ ಗಾಜಿನ ಒಳಗೆ ಹಬೆ ಕಟ್ಟಿದರೆ ಸ್ಕ್ರೂಗಳೂ ಸ್ಪ್ರಿಂಗೂ ತುಕ್ಕು ಹಿಡಿಯುತ್ತವೆ. ಆದ್ದರಿಂದ ಆರು ವಾರ ಕಾಯುವುದು ನನಗೆ ಕಷ್ಟವಲ್ಲ. ಮಳೆ ಆರಂಭವಾಗುವಾಗ ಕೊಟ್ಟು ಗಣೇಶ ಚೌತಿಯ ಹೊತ್ತಿಗೆ ತರುತ್ತೇನೆ. ವಾಚುಗಳಿಗೆಂದು ವರ್ಷಕ್ಕೆ 1,500 ರೂಪಾಯಿಗಿಂತ ಹೆಚ್ಚು ತೆಗೆದಿಡಲಾರೆ, ಅಷ್ಟರಲ್ಲಿ ಕಾಕಾ ಅವರ ಕೈಯಲ್ಲಿ ಒಂದು ವಾಚು ನಿಶ್ಚಿಂತೆಯಿಂದ ಸರಿಯಾಗುತ್ತದೆ. ಮದುವೆಯ ಉಡುಗೊರೆಗೆ ಹತ್ತು ದಿನಗಳಲ್ಲಿ ಹೊಳೆಯುವ ವಾಚು ಬೇಕೆನ್ನುವವರಿಗೆ ಮೊದಲನೆಯ ಅಂಗಡಿ ಅನುಕೂಲವಾಗಬಹುದು, ಆದರೂ ಡಯಲನ್ನು ಮುಟ್ಟಕೂಡದು ಎಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಕಳೆದ ತಿಂಗಳು ಚೋರ್ ಬಜಾರಿನ ಶುಕ್ರವಾರದ ಬೀದಿ ಸಂತೆಯಲ್ಲಿ ಕೆಟ್ಟುಹೋದ ಒಂದು ಜನತಾ 350 ರೂಪಾಯಿಗೆ ಸಿಕ್ಕಿತು. ಅತ್ತಿತ್ತ ಆಡುತ್ತ ವೇಗವನ್ನು ಹಿಡಿತದಲ್ಲಿಡುವ ಬ್ಯಾಲೆನ್ಸ್ ಚಕ್ರವಿಲ್ಲ, ಕವಚ ಸವೆದಿದೆ, ಆದರೆ ಡಯಲ್ ಕಾರ್ಖಾನೆಯದು, ದೇವನಾಗರಿಯದು, ಮತ್ತು ಹಿಂಬದಿಯಲ್ಲಿ ಎರಡೂ ಕಾಲುಗಳಿವೆ. ಅದನ್ನು ಅಪ್ಪನ ವಾಚಿಗೆ ಕೂರಿಸಲು ಕಾಕಾ ಅವರ ಬಳಿ ಕೊಟ್ಟು ಬಂದಿದ್ದೇನೆ. ಮೂರು ವಾರ ಬಿಟ್ಟು ಬಾ ಎಂದಿದ್ದಾರೆ.